ಗೊಂಬೆ ಅರಮನೆಯ ಕಿಟಕಿಗೆ ಮಬ್ಬು ತಂದದ್ದು

ಹೋದ ದಸರಾಕ್ಕೆ ಗೊಂಬೆ ಮೆಟ್ಟಿಲ ಪಕ್ಕ ಇಡಲು ಒಂದೂವರೆ ಅಡಿ ಅಗಲದ ಅರಮನೆ ಮಾಡಿದೆ. ನಮ್ಮ ಮೈಸೂರಿನ ನಿಜವಾದ ಅರಮನೆಗೆ ಮೈತುಂಬ ಲಕ್ಷದ ಹತ್ತಿರ ಬಲ್ಬು. ನನ್ನದಕ್ಕೆ ಹೊಟ್ಟೆಯೊಳಗೆ ಒಂದೇ ಒಂದು ಸೀರಿಯಲ್ ಸೆಟ್. ಗೋಡೆ, ಕಿಟಕಿ ಎಲ್ಲ 2 ಮಿಲಿಮೀಟರ್ ದಪ್ಪದ ಪಾರದರ್ಶಕ ಅಕ್ರಿಲಿಕ್ ಶೀಟು, ಅಂದರೆ ಗಾಜಿನಂಥ ಪ್ಲಾಸ್ಟಿಕ್. ಸ್ವಿಚ್ ಹಾಕಿದರೆ ಕಂಡದ್ದು ಅರಮನೆಯಲ್ಲ, ಒಳಗಿನ ವೈರು ಮತ್ತು ಟೇಪು.

"ಏನ್ರೀ ಇದು, ಕರೆಂಟ್ ಆಫೀಸಾ?" ಅಂದಳು ಹೆಂಡತಿ.

ಕಿಟಕಿ ಮಬ್ಬಾಗಬೇಕು, ಗೋಡೆಯಿಂದ ಬೆಳಕು ಬರಲೇಬಾರದು. ಸುಲಭ ಅಂದುಕೊಂಡು ಮ್ಯಾಟ್ ಲ್ಯಾಕರ್ ಸ್ಪ್ರೇ, ಅಂದರೆ ಆರಿದ ಮೇಲೆ ಹೊಳಪಿಲ್ಲದೆ ಮಬ್ಬಾಗುವ ಲೇಪ, ತಂದೆ. ಹೊಡೆದದ್ದು ಜಡಿಮಳೆಯ ಸಂಜೆ. ಲ್ಯಾಕರ್ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯಲ್ಲಿದ್ದ ತೇವ ಅಲ್ಲೇ ಕೂರುತ್ತದೆ. ಅಲ್ಲೊಂದು ಇಲ್ಲೊಂದು ಬಿಳಿ ಮಚ್ಚೆ ಎದ್ದಿತು. ಅದನ್ನು ತೆಗೆಯಲು ಥಿನ್ನರ್ ಹಾಕಿ ಒರೆಸಿದೆ ನೋಡಿ, ಅದು ಇನ್ನೂ ದೊಡ್ಡ ತಪ್ಪು. ಕತ್ತರಿಸಿದ ಅಂಚಿನಿಂದ ಕೂದಲೆಳೆಯಂಥ ಬಿರುಕು ಹರಿದವು. ಆ ಶೀಟು ಕಸಕ್ಕೆ.

ಕೊನೆಗೆ ಕೈಹಿಡಿದದ್ದು 400 ನಂಬರಿನ ವಾಟರ್ ಪೇಪರ್, ನೀರಲ್ಲಿ ಉಜ್ಜುವ ಕಪ್ಪು ಉಪ್ಪು ಕಾಗದ. ಅಡುಗೆಮನೆ ಕಲ್ಲಿನ ಮೇಲೆ ಹೊಸ ಶೀಟು ಇಟ್ಟು, ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ದೋಸೆ ಹುಯ್ಯುವ ಹಾಗೆ ಸುತ್ತ ಸುತ್ತ ಉಜ್ಜಿದೆ. ಉದ್ದುದ್ದ ಉಜ್ಜಿದರೆ ದೀಪ ಹಾಕಿದಾಗ ಗೆರೆ ಕಾಣುತ್ತದೆ. ಅರ್ಧ ಗಂಟೆ ಉಜ್ಜಿ ತೊಳೆದರೆ ಶೀಟು ಮತ್ತೆ ಗಾಜಿನಂತೆ ಫಳಫಳ! ಕೈನೋವು ಬಂದದ್ದೇ ಲಾಭ ಅಂತ ಬೈದುಕೊಂಡೆ. ಬಟ್ಟೆಯಲ್ಲಿ ಒರೆಸಿ ಫ್ಯಾನ್ ಕೆಳಗಿಟ್ಟೆ. ಅಂಚಿನಿಂದ ಶುರುವಾಗಿ ನಿಧಾನಕ್ಕೆ ಹಾಲು ಬಣ್ಣ ಹರಡಿತು.

ಇಲ್ಲಿ ಬಣ್ಣ ಅನ್ನೋದೇ ಇಲ್ಲ. ಸಾವಿರಾರು ಸಣ್ಣ ಗೀರುಗಳು ಬೆಳಕನ್ನು ದಿಕ್ಕಾಪಾಲು ಮಾಡುತ್ತವೆ, ಅಷ್ಟೇ. ನೀರು ಆ ಗೀರುಗಳನ್ನು ತುಂಬಿದರೆ ಮಬ್ಬು ಮಾಯ. ಎಣ್ಣೆಗೈ ತಾಗಿದರೂ, ಮೇಲೆ ಪಾರದರ್ಶಕ ವಾರ್ನಿಶ್ ಬಳಿದರೂ ಇದೇ ಕತೆ. ಅದಕ್ಕೇ ಉಜ್ಜಿದ ಮುಖ ಒಳಗಡೆಗೆ ಬರಬೇಕು.

ಗೋಡೆಗೆ ಬೇರೆ ಶೀಟು ಬೇಕಾಗಲಿಲ್ಲ. ಒಳಮುಖ ಪೂರ್ತಿ ಉಜ್ಜಿ, ಕಿಟಕಿ ಬರುವ ಕಡೆ ಮಾಸ್ಕಿಂಗ್ ಟೇಪು ಅಂಟಿಸಿ, ಉಳಿದ ಕಡೆ ಸ್ಪಂಜಿನಲ್ಲಿ ಅಕ್ರಿಲಿಕ್ ಬಣ್ಣ ಒತ್ತಿದೆ. ಒಳಗಿನಿಂದ ಬಳಿಯುವಾಗ ಕ್ರಮ ತಿರುಗುಮುರುಗು: ಹೊರಗೆ ಕಾಣಬೇಕಾದ ಕೆನೆಬಣ್ಣ ಮೊದಲು, ಬೆಳಕು ತಡೆಯುವ ಕಪ್ಪು ಆಮೇಲೆ, ಎರಡು ಸಲ. ಕಪ್ಪು ಮೊದಲು ಹೋದರೆ ಅರಮನೆಯೇ ಕಪ್ಪು. ಬಣ್ಣ ಗೀರು ತುಂಬುವುದರಿಂದ ಹೊರಗೆ ಹೊಳಪು ಹಾಗೇ ಉಳಿಯಿತು. ಟೇಪು ಕಿತ್ತ ಮೇಲೆ ಅದರ ಗಮ್ಮನ್ನು ಸೋಪುನೀರಲ್ಲಿ ಒರೆಸಿ, ಇಲ್ಲದಿದ್ದರೆ ಅಲ್ಲಷ್ಟೇ ತಿಳಿಯಾಗಿ ಕಾಣುತ್ತದೆ.

ಗುಮ್ಮಟಗಳು ಜ್ಯೂಸ್ ಬಾಟಲಿಯ ತಳದವು. ಉಬ್ಬಿನ ಮೇಲೆ ಕಾಗದ ಸರಿಯಾಗಿ ಕೂರುವುದಿಲ್ಲ, ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರ್ ಸಾಕಾಯಿತು. ಗಾಜು ಮಬ್ಬು ಮಾಡುವ ಕ್ರೀಮು ಮಾತ್ರ ತರಬೇಡಿ, ಪ್ಲಾಸ್ಟಿಕ್ ಮೇಲೆ ಅದು ಏನೂ ಮಾಡಲ್ಲ.

ಇನ್ನೊಂದು ವಿಷಯ. ಬಲ್ಬು ಕಿಟಕಿಗೆ ತೀರಾ ಹತ್ತಿರ ಇದ್ದರೆ ಎಷ್ಟು ಉಜ್ಜಿದರೂ ಚುಕ್ಕಿ ಚುಕ್ಕಿಯಾಗಿಯೇ ಕಾಣುತ್ತದೆ. ಎರಡು ಇಂಚು ಹಿಂದಕ್ಕೆ ಸರಿಸಿದೆ, ಬೆಳಕು ಹರಡಿಕೊಂಡಿತು.

ಮುಂಬಾಗಿಲ ಕಮಾನೊಂದನ್ನು ಮಾತ್ರ ಮರೆತು, ಉಜ್ಜಿದ ಮುಖ ಹೊರಗೆ ಮಾಡಿ ಅಂಟಿಸಿದ್ದೆ. ಗೊಂಬೆ ನೋಡಲು ಬಂದ ಪಕ್ಕದ ಮನೆ ಹುಡುಗ ಚಕ್ಕುಲಿ ತಿಂದ ಕೈಯಲ್ಲಿ ಅದನ್ನೇ ಮುಟ್ಟಬೇಕೇ? ಅವನ ಬೆರಳಿನಷ್ಟು ಜಾಗ ತಿಳಿಯಾಗಿ, ಒಳಗಿನ ಕೆಂಪು ವೈರು ಇಣುಕುತ್ತಿತ್ತು.