ಆಗುಂಬೆ ಘಾಟಿ ಇಳಿಯುವಾಗ ಬ್ರೇಕ್ ವಾಸನೆ: ಪ್ಯಾಡಲ್ ಶಿಫ್ಟರ್‌ನಿಂದ ಸರಿಹೋಯ್ತು

ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ದಾರಿಯಲ್ಲಿ 14 ತಿರುವು. ಹೋದ ಸಲ ಅರ್ಧ ಇಳಿಯುವಷ್ಟರಲ್ಲೇ ಬ್ರೇಕ್ ಸುಟ್ಟ ವಾಸನೆ ಬಂತು, ನಿಜಕ್ಕೂ ಹೆದರಿಕೆಯಾಯ್ತು. ನನ್ನದು ಆಟೋಮ್ಯಾಟಿಕ್ ಕಾರು, ಸ್ಟೀರಿಂಗ್ ಹಿಂದೆ ಎಡಕ್ಕೆ ಮೈನಸ್, ಬಲಕ್ಕೆ ಪ್ಲಸ್ ಪ್ಯಾಡಲ್ (ಬೆರಳಿಂದ ಗೇರ್ ಬದಲಿಸುವ ಪುಟ್ಟ ಲಿವರ್) ಇದೆ.

ಮೈನಸ್ ಒತ್ತಿದರೆ ಗೇರ್ ಇಳಿಯುತ್ತಿತ್ತು, ಆದರೆ ಸ್ವಲ್ಪ ಹೊತ್ತಿಗೆ ತಾನೇ ಮೇಲಿನ ಗೇರಿಗೆ ಹೋಗಿಬಿಡುತ್ತಿತ್ತು. ಏನೋ ಕೆಟ್ಟಿದೆ ಅಂದುಕೊಂಡಿದ್ದೆ. ಮ್ಯಾನ್ಯುಯಲ್ ಓದಿದ ಮೇಲೆ ಗೊತ್ತಾಯ್ತು, ಗೇರ್ ಲಿವರ್ ಡಿ ಯಲ್ಲಿದ್ದರೆ (ಡ್ರೈವ್, ಕಾರೇ ಗೇರ್ ಬದಲಿಸುವ ಸ್ಥಾನ) ಪ್ಯಾಡಲ್ ಕೆಲಸ ತಾತ್ಕಾಲಿಕ ಅಷ್ಟೇ. ಲಿವರನ್ನು ಎಂ ಗೆ (ಮ್ಯಾನ್ಯುಯಲ್, ನಾವೇ ಗೇರ್ ಬದಲಿಸುವ ಸ್ಥಾನ) ಹಾಕಿದರೆ ನಾವು ಕೊಟ್ಟ ಗೇರ್ ಮೇಲಕ್ಕೆ ಹೋಗದೆ ನಿಲ್ಲುತ್ತದೆ.

ಈ ಸಲ ಇಳಿಜಾರು ಶುರುವಾಗುವ ಮೊದಲೇ ಎಂ ಗೆ ಹಾಕಿ ಎರಡನೇ ಗೇರಿನಲ್ಲಿ ಇಳಿದೆ. ಎಂಜಿನ್ ಸದ್ದು ಜಾಸ್ತಿಯಾಗುತ್ತದೆ, ಗಾಬರಿ ಬೇಡ, ಎಂಜಿನ್ ಎಷ್ಟು ವೇಗವಾಗಿ ತಿರುಗುತ್ತಿದೆ ಅಂತ ತೋರಿಸುವ ಟ್ಯಾಕೋಮೀಟರ್ ಮುಳ್ಳು ಕೆಂಪು ಗೆರೆ ಮುಟ್ಟದಿದ್ದರೆ ಸಾಕು, ಕಾರಿನ ವೇಗವನ್ನು ಎಂಜಿನ್ನೇ ಹಿಡಿದುಕೊಳ್ಳುತ್ತದೆ, ಬ್ರೇಕ್ ಹೆಚ್ಚು ಒತ್ತಬೇಕಿಲ್ಲ.

ಇನ್ನೊಂದು ವಿಷಯ, ಪ್ಯಾಡಲ್ ಸ್ಟೀರಿಂಗ್ ಜೊತೆಗೇ ತಿರುಗುತ್ತದೆ. ತಿರುವಿನ ಮಧ್ಯೆ ಎಡ ಯಾವುದು ಬಲ ಯಾವುದು ಅಂತ ಹುಡುಕಬಾರದು, ಸ್ಟೀರಿಂಗ್ ನೇರ ಇರುವಾಗಲೇ ಗೇರ್ ಇಳಿಸಿಬಿಡಿ. ಸೋಮೇಶ್ವರದಲ್ಲಿ ಇಳಿದು ಚಕ್ರದ ಹತ್ತಿರ ಬಗ್ಗಿ ನೋಡಿದೆ, ವಾಸನೆ ಇರಲಿಲ್ಲ.