ಶುಗರ್ ಇದ್ದವರು ಸಿಆರ್‌ಪಿ ರಿಪೋರ್ಟ್ ಓದುವುದು ಹೇಗೆ?

"ಶುಗರ್ ಕಂಟ್ರೋಲ್‌ನಾಗ ಅದ. ಮತ್ತ ಇದೇನು ಹೊಸದು?" ಕಲಬುರಗಿಯ ನಮ್ಮ ಕಾಕಾ ರಿಪೋರ್ಟ್ ಮುಂದೆ ಹಿಡಿದರು. ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 6.9, ಚೆನ್ನಾಗಿಯೇ ಇತ್ತು. ಅದರ ಕೆಳಗೆ ಸಿಆರ್‌ಪಿ 14, ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ 'ಹೈ'. ಇನ್ನೇನು ಹಾರ್ಟ್ ಅಟ್ಯಾಕ್ ಆಗೇಬಿಡುತ್ತದೆ ಅಂತ ಎರಡು ರಾತ್ರಿ ನಿದ್ದೆಗೆಟ್ಟಿದ್ದರು. ಹಿಂದಿನ ವಾರ ಹಲ್ಲಿನ ಬುಡದಲ್ಲಿ ಕೀವಾಗಿ ಗಲ್ಲ ಊದಿದ್ದು ಮನೆಯಲ್ಲಿ ಯಾರಿಗೂ ನೆನಪಾಗಲಿಲ್ಲ.

ಸಿಆರ್‌ಪಿ ಅಂದರೆ ಮೈಯಲ್ಲಿ ಉರಿಯೂತ ಇದ್ದಾಗ ಲಿವರ್ ತಯಾರಿಸುವ ಪ್ರೋಟೀನ್. ಶುಗರ್ ಇದ್ದವರಲ್ಲಿ, ಅದರಲ್ಲೂ ಹೊಟ್ಟೆ ಬಂದವರಲ್ಲಿ, ನೋವೇ ಇಲ್ಲದ ಸಣ್ಣ ಉರಿಯೂತ ವರ್ಷಗಟ್ಟಲೆ ಇರಬಹುದು. ರಕ್ತನಾಳದ ಗೋಡೆಯಲ್ಲಿ ಕೂತ ಕೊಬ್ಬಿನ ಮೇಲ್ಪದರ ಇದರಿಂದ ತೆಳ್ಳಗಾಗುತ್ತದೆ. ಅದು ಒಡೆದರೆ ರಕ್ತ ಅಲ್ಲೇ ಹೆಪ್ಪುಗಟ್ಟಿ ನಾಳ ಮುಚ್ಚುತ್ತದೆ.

ಮೊದಲು, ಯಾವ ಪರೀಕ್ಷೆ ಅಂತ ನೋಡಿ. ಜ್ವರ ಬಂದಾಗ ಮಾಡಿಸುವುದು ಸಾದಾ ಸಿಆರ್‌ಪಿ. ಹೃದಯದ ಲೆಕ್ಕಕ್ಕೆ ಬೇಕಾದದ್ದು ಎಚ್‌ಎಸ್-ಸಿಆರ್‌ಪಿ, ತೀರಾ ಸಣ್ಣ ಪ್ರಮಾಣವನ್ನೂ ಅಳೆಯುವಂಥದ್ದು. ನಿಮಗೆ ಅದು ಬೇಕಾ ಅಂತ ಡಾಕ್ಟರನ್ನೇ ಕೇಳಿ. ಸುಮ್ನೆ ಪ್ಯಾಕೇಜಿನಲ್ಲಿದೆ ಅಂತ ಮಾಡಿಸಬೇಡಿ.

ಆಮೇಲೆ ದಿನ ಆರಿಸಿಕೊಳ್ಳಿ. ಇದೇ ಮುಖ್ಯ, ಜಾಸ್ತಿ ಜನ ತಪ್ಪುವುದೂ ಇಲ್ಲೇ. ಉಪವಾಸ ಬೇಕಿಲ್ಲ. ಆದರೆ ನೆಗಡಿ, ಜ್ವರ, ಹಲ್ಲುನೋವು, ಕಾಲಿನ ಗಾಯ ಇದ್ದರೆ ವಾಸಿಯಾಗಿ ಎರಡು ವಾರವಾದರೂ ಕಳೆಯಲಿ. ಚಿಕೂನ್‌ಗುನ್ಯಾ ಬಂದು ಹೋದ ಮೇಲೂ ಕೀಲು ನೋವು ತಿಂಗಳುಗಟ್ಟಲೆ ಉಳಿಯುತ್ತದಲ್ವಾ, ಅದನ್ನೂ ಡಾಕ್ಟರಿಗೆ ಹೇಳಿ. ಸಿಆರ್‌ಪಿಗೆ ಉರಿಯೂತ ಇದೆ ಅನ್ನುವುದಷ್ಟೇ ಗೊತ್ತು. ಮೊಣಕಾಲಿನಲ್ಲೋ, ವಸಡಿನಲ್ಲೋ, ರಕ್ತನಾಳದಲ್ಲೋ ಅನ್ನುವುದು ಗೊತ್ತಿಲ್ಲ.

ಈಗ ಅಂಕಿ. ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಅಪಾಯ ಕಡಿಮೆ, 1ರಿಂದ 3 ಮಧ್ಯಮ, 3 ದಾಟಿದರೆ ಜಾಸ್ತಿ. 10 ದಾಟಿದರೆ ಹೃದಯಕ್ಕಿಂತ ಮೊದಲು ಸೋಂಕು ಅಥವಾ ಬೇರೆ ಉರಿಯೂತ ಹುಡುಕಬೇಕು. ಒಂದೇ ಸಲದ ಅಂಕಿ ನಂಬದೆ, ಎರಡು ವಾರ ಬಿಟ್ಟು ಇನ್ನೊಮ್ಮೆ ಮಾಡಿಸಿದರೆ ಒಳ್ಳೆಯದು.

ಆ ಅಂಕಿಯನ್ನು ಒಂಟಿಯಾಗಿ ಓದಬೇಡಿ. ಬಿಪಿ, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್), ಮೂತ್ರದ ಅಲ್ಬುಮಿನ್ (ಮೂತ್ರದಲ್ಲಿ ಸೋರುವ ಪ್ರೋಟೀನ್) ಪಕ್ಕದಲ್ಲಿರಲಿ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು.

ಇಳಿಸುವ ದಾರಿ ಹೊಸದೇನಲ್ಲ. ತಂಬಾಕು, ಗುಟ್ಕಾ ಇವತ್ತೇ ಬಿಡಿ. ವಸಡು ತೋರಿಸಿ. ಬಿಸಿಲೇರುವ ಮೊದಲೇ ಅಪ್ಪನ ಕೆರೆ ಕಡೆ ಅರ್ಧ ಗಂಟೆ ನಡೆಯಿರಿ, ವಾರಕ್ಕೆ ಐದು ದಿನ. ಡಾಕ್ಟರ್ ಕೊಟ್ಟ ಸ್ಟ್ಯಾಟಿನ್ ಗುಳಿಗೆ ಕೊಲೆಸ್ಟ್ರಾಲ್ ಜೊತೆ ಸಿಆರ್‌ಪಿಯನ್ನೂ ಇಳಿಸುತ್ತದೆ. ನೀವಾಗಿಯೇ ನಿಲ್ಲಿಸಬೇಡಿ.

ಇನ್ನೊಂದು ಮಾತು, ದಯವಿಟ್ಟು ಕೇಳಿ. ಶುಗರ್ ಇದ್ದವರಿಗೆ ಎದೆನೋವಿಲ್ಲದೆಯೂ ಹಾರ್ಟ್ ಅಟ್ಯಾಕ್ ಆಗಬಹುದು. ಇದ್ದಕ್ಕಿದ್ದಂತೆ ತಣ್ಣನೆ ಬೆವರು, ಏದುಸಿರು, ದವಡೆ ನೋವು ಬಂದರೆ ಗ್ಯಾಸ್ ಅಂತ ಸೋಡಾ ಕುಡಿದು ಮಲಗಬೇಡಿ. ಆಗ ಸಿಆರ್‌ಪಿ ಅಲ್ಲ, ಇಸಿಜಿ ಬೇಕು. ಕಲಬುರಗಿಯಲ್ಲೇ ಜಯದೇವ ಆಸ್ಪತ್ರೆ ಇದೆ.

ಕಾಕಾ ಹಲ್ಲು ಕೀಳಿಸಿ, ಮೂರು ವಾರ ಬಿಟ್ಟು ಎಚ್‌ಎಸ್-ಸಿಆರ್‌ಪಿ ಮಾಡಿಸಿದರು. 2.4 ಬಂತು. ಎಲ್‌ಡಿಎಲ್ ಮಾತ್ರ ಜಾಸ್ತಿ, 131 ಇತ್ತು, ಸ್ಟ್ಯಾಟಿನ್ ಶುರುವಾಯಿತು. ಈಗ ಪ್ರತಿ ರಿಪೋರ್ಟಿನ ಮೂಲೆಯಲ್ಲೂ ಆವತ್ತು ಮೈ ಹೇಗಿತ್ತು ಅಂತ ಪೆನ್ನಿನಲ್ಲಿ ಬರೆದಿಡುತ್ತಾರೆ. ಹಳೆಯ 14ರ ಪಕ್ಕ "ಹಲ್ಲು ಬಾತಿತ್ತು" ಅಂತ ಇದೆ.