ಟ್ಯೂಬಿಂಗನ್‌ನಲ್ಲಿ ಸೋಮವಾರದ ದಾಸೋಹ: ಒಂದು ಸೆಮಿಸ್ಟರಿನ ಅನುಭವ

ಜರ್ಮನಿಗೆ ಒಂದು ಸೆಮಿಸ್ಟರ್ ಓದಲು ಹೊರಟಾಗ ನನ್ನ ಯೋಚನೆಯನ್ನು ಮೂರ್ನಾಲ್ಕು ಜನಕ್ಕೆ ಹೇಳಿದ್ದೆ. ಪ್ರತಿ ಸೋಮವಾರ ಹಾಸ್ಟೆಲ್ ಅಡುಗೆಮನೆಯಲ್ಲಿ ನಮ್ಮ ಮಹಡಿಯ ಎಲ್ಲರಿಗೂ ಊಟ ಹಾಕುತ್ತೇನೆ, ಯಾರಿಂದಲೂ ದುಡ್ಡು ಮುಟ್ಟುವುದಿಲ್ಲ ಅಂತ. ಒಬ್ಬರೂ ಒಪ್ಪಲಿಲ್ಲ. ಮೊದಲೇ ಹೋಗಿ ಬಂದಿದ್ದ ಸೀನಿಯರ್ ಒಬ್ಬರು "ಮೊದಲು ನಿನ್ನ ಹೊಟ್ಟೆ ನೋಡ್ಕೋ ಕಣೋ, ಅಲ್ಲಿ ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೇ ನೂರು ರೂಪಾಯಿ ಮೇಲಾಗುತ್ತೆ" ಅಂದರು. ಚಿಕ್ಕಪ್ಪ ಸಾಲದ ಲೆಕ್ಕ ತೆಗೆದು ಮುಂದಿಟ್ಟರು. ಅಮ್ಮ ಮಾತ್ರ ಏನೂ ಅನ್ನಲಿಲ್ಲ, ಸುಮ್ನೆ ಎರಡು ಕೆಜಿ ಸಾರಿನ ಪುಡಿ ಕುಟ್ಟಿಸಿ ಕೊಟ್ಟರು. ಈಗ ಮುಗಿಸಿ ಬಂದಿದ್ದೇನೆ. ಊಟದ ಖರ್ಚು ಮೊದಲ ತಿಂಗಳು ಆದದ್ದರ ಅರ್ಧದ ಹತ್ತಿರಕ್ಕೆ ಇಳಿಯಿತು. ಪರೀಕ್ಷೆಗಳೆಲ್ಲ ಪಾಸಾದವು. ಕೈಯಲ್ಲಿ ದುಡ್ಡೂ ಉಳಿಯಿತು.

ನಾನು ಎಂಟನೇ ಕ್ಲಾಸಿನಿಂದ ಪಿಯುಸಿವರೆಗೆ ಬೆಳೆದದ್ದು ಸಿದ್ಧಗಂಗಾ ಮಠದ ಹಾಸ್ಟೆಲಿನಲ್ಲಿ. ಅಲ್ಲಿ ಓದಿದವರಿಗೆ ದಾಸೋಹ ಅಂದರೇನು ಅಂತ ಹೇಳಬೇಕಿಲ್ಲ. ಸಾವಿರಾರು ಮಕ್ಕಳಿಗೆ ಒಂದೇ ಸಾಲಿನಲ್ಲಿ ಮುದ್ದೆ, ಸಾರು, ಅನ್ನ. ಯಾವ ಜಾತಿ, ಯಾವ ಊರು ಅಂತ ತಟ್ಟೆ ಕೇಳುವುದಿಲ್ಲ. ನನ್ನ ಊಟಕ್ಕೆ ಯಾರ್ಯಾರದೋ ಹೊಲದ ರಾಗಿ ಬಂದಿದೆ, ಅವರ ಹೆಸರೂ ನನಗೆ ಗೊತ್ತಿಲ್ಲ. ಆ ಋಣವನ್ನು ದುಡ್ಡಾದ ಮೇಲೆ ತೀರಿಸೋಣ ಅಂತ ಕೂತರೆ ಅದು ಆಗುವ ಕೆಲಸ ಅಲ್ಲ. ಇರುವುದರಲ್ಲೇ ಶುರು ಮಾಡಬೇಕು ಅನ್ನುವುದು ನನ್ನ ನಂಬಿಕೆ.

ದುಡ್ಡಿನ ವಿಷಯಕ್ಕೆ ಬರೋಣ. ನಾನು ಹೋದದ್ದು 2024ರ ಅಕ್ಟೋಬರ್‌ನ ಚಳಿಗಾಲದ ಸೆಮಿಸ್ಟರಿಗೆ, ಟ್ಯೂಬಿಂಗನ್ ವಿಶ್ವವಿದ್ಯಾಲಯಕ್ಕೆ, ಬಯೋಕೆಮಿಸ್ಟ್ರಿ. ಎಕ್ಸ್‌ಚೇಂಜ್ ಒಪ್ಪಂದ ಇದ್ದದ್ದರಿಂದ ಯುರೋಪಿಯನ್ ಯೂನಿಯನ್ ಹೊರಗಿನವರಿಗೆ ಟ್ಯೂಬಿಂಗನ್ ಇರುವ ರಾಜ್ಯದಲ್ಲಿ ಸೆಮಿಸ್ಟರಿಗೆ ಬೀಳುವ 1500 ಯೂರೊ ಫೀಸು ನನಗೆ ಬೀಳಲಿಲ್ಲ. ಆದರೆ ಬ್ಲಾಕ್ಡ್ ಅಕೌಂಟ್ ನನ್ನನ್ನು ಬಿಡಲಿಲ್ಲ. ವೀಸಾಕ್ಕಾಗಿ ಖರ್ಚಿನ ದುಡ್ಡನ್ನು ಮೊದಲೇ ತುಂಬಿಡಬೇಕಾದ ಖಾತೆ ಅದು, ತಿಂಗಳಿಗೆ ಇಷ್ಟು ಅಂತಲೇ ವಾಪಸ್ ಸಿಗುತ್ತದೆ. ಆ ಸೆಪ್ಟೆಂಬರ್‌ನಿಂದ ತಿಂಗಳಿಗೆ 992 ಯೂರೊ ಲೆಕ್ಕ. ಆರು ತಿಂಗಳಿಗೆ ಹತ್ತಿರ ಹತ್ತಿರ ಐದೂವರೆ ಲಕ್ಷ ರೂಪಾಯಿ. ಅಮ್ಮನ ಒಡವೆ ಸೊಸೈಟಿಯಲ್ಲಿ ಅಡ ಇಟ್ಟು ಅರ್ಧ, ಚಿಕ್ಕಪ್ಪನ ಕೈಸಾಲ ಒಂದಿಷ್ಟು, ಉಳಿದದ್ದು ನಾನು ಟ್ಯೂಷನ್ ಹೇಳಿ ಕೂಡಿಟ್ಟಿದ್ದು.

ಅಲ್ಲಿಗೆ ಹೋದ ಮೇಲೆ ಆ ದುಡ್ಡು ಕೈಗೆ ಬರಲೇ ಇಲ್ಲ. ಊರಿನ ಕಚೇರಿಯಲ್ಲಿ ವಿಳಾಸ ನೋಂದಣಿ ಆಗಬೇಕು, ಆಮೇಲೆ ಬ್ಯಾಂಕ್ ಖಾತೆ, ಆಮೇಲೆ ಬ್ಲಾಕ್ಡ್ ಅಕೌಂಟಿನವರು ಕಾಗದ ಪತ್ರ ನೋಡಿ ಬಿಡುಗಡೆ ಮಾಡಬೇಕು. ಮೂರು ವಾರದ ಮೇಲಾಯಿತು. ಕಂಪನಿಯವರು ಈಮೇಲ್‌ಗೆ ಉತ್ತರ ಕೊಡುವುದಕ್ಕೇ ನಾಲ್ಕೈದು ದಿನ ತೆಗೆದುಕೊಳ್ಳುತ್ತಿದ್ದರು. ರೂಮಿನ ಅಡ್ವಾನ್ಸ್ ಕಟ್ಟಿದ ಮೇಲೆ ಜೇಬಲ್ಲಿ ಉಳಿದದ್ದು ನೂರು ಚಿಲ್ಲರೆ ಯೂರೊ. ಮೊದಲ ಸೋಮವಾರದ ದಾಸೋಹ ಮಾಡಿದ್ದು ಆ ನೂರರಲ್ಲೇ. ಆಗಲೇ ಮಾಡಬೇಕಿತ್ತು. ಇಲ್ಲದಿದ್ದರೆ "ದುಡ್ಡು ಬರಲಿ" ಅಂತ ಆರು ತಿಂಗಳು ಕಳೆದುಹೋಗುತ್ತಿತ್ತು.

ಆ ಮೊದಲ ಸೋಮವಾರ ಪೂರ್ತಿ ಫೇಲ್. ರಾತ್ರಿ ಎಂಟೂವರೆಗೆ ಅನ್ನ, ಬೇಳೆ ಸಾರು, ಎಲೆಕೋಸಿನ ಪಲ್ಯ ಇಟ್ಟುಕೊಂಡು ಕೂತೆ. ಇಬ್ಬರು ಬಂದರು. ಮಿಕ್ಕವರು ಆರೂವರೆಗೇ ಬ್ರೆಡ್ಡು ಚೀಸ್ ತಿಂದು ಮುಗಿಸಿದ್ದರು, ಅಲ್ಲಿ ರಾತ್ರಿ ಊಟ ಅಂದರೆ ಹಾಗೇ. ಮುಂದಿನ ವಾರ ಆರೂವರೆಗೆ ಇಟ್ಟೆ. ಆರು ಜನ ಬಂದರು, ಆದರೆ ಊಟ ಆದ ಮೇಲೆ ಟೇಬಲ್ ಮೇಲೆ ಚಿಲ್ಲರೆ ಬಿಟ್ಟು ಹೋದರು. ಒಬ್ಬಳು "ನನ್ನ ಪಾಲು ಎಷ್ಟು?" ಅಂತ ಕೇಳಿದಳು. ಅದು ಅಲ್ಲಿನ ಪದ್ಧತಿ, ತಪ್ಪಲ್ಲ. ಚಿಲ್ಲರೆಯನ್ನು ಅವರವರಿಗೇ ವಾಪಸ್ ಕೊಟ್ಟು, ಮಠದ ಕಥೆ ಹೇಳಿದೆ. ಎಂಟನೇ ಕ್ಲಾಸಿನ ಹುಡುಗನಾಗಿದ್ದಾಗಿಂದ ಅಪರಿಚಿತರ ಅನ್ನ ಉಂಡು ಬಂದವನು ನಾನು, ಇದು ಅದರ ಮುಂದುವರಿಕೆ ಅಂದೆ. ಅರ್ಥವಾಯಿತು. ಮೂರನೇ ವಾರ ಅವರೇ ಒಂದು ದಾರಿ ಹುಡುಕಿದರು. ಅಲ್ಲಿ ಒಂದೇ ಸಲ ಬಳಸುವ ಪ್ಲಾಸ್ಟಿಕ್ ಬಾಟಲಿ, ಕ್ಯಾನು ವಾಪಸ್ ಕೊಟ್ಟರೆ ತಲಾ 25 ಸೆಂಟ್ ಸಿಗುತ್ತದಲ್ವಾ? ಮಹಡಿಯ ಖಾಲಿ ಬಾಟಲಿಗಳೆಲ್ಲ ಯಾರಿಗೂ ಸೇರದೆ ಮೂಲೆಯಲ್ಲಿ ಬಿದ್ದಿರುತ್ತಿದ್ದವು. "ಇದು ಯಾರ ದುಡ್ಡೂ ಅಲ್ಲ, ಇದನ್ನು ತಗೋ" ಅಂದರು. ಒಪ್ಪಿಕೊಂಡೆ. ವಾರಕ್ಕೆ ನಾಲ್ಕೈದು ಯೂರೊ ಆಗುತ್ತಿತ್ತು, ಈರುಳ್ಳಿ ಟೊಮೆಟೊ ಅದರಲ್ಲೇ ಬಂತು.

ಅಡುಗೆಯಲ್ಲೂ ಬದಲಾವಣೆ ಮಾಡಬೇಕಾಯಿತು. ನಮ್ಮ ಮಹಡಿಯಲ್ಲಿ ಹನ್ನೆರಡು ಜನ, ಅದರಲ್ಲಿ ನಾಲ್ವರು ವೀಗನ್. ನಾನು ಸಸ್ಯಾಹಾರಿ ಅಂದರೆ ಸಾಲದು, ತುಪ್ಪ, ಮೊಸರು ಎರಡೂ ಪ್ರತ್ಯೇಕ ಇಡಬೇಕು. ಒಗ್ಗರಣೆ ಸೂರ್ಯಕಾಂತಿ ಎಣ್ಣೆಗೆ ಬಂತು. ಖಾರ ಮೂರನೇ ಒಂದು ಭಾಗಕ್ಕೆ ಇಳಿಯಿತು. ತೊಗರಿಬೇಳೆ ಏಷ್ಯನ್ ಅಂಗಡಿಯಲ್ಲಿ ಕೆಜಿಗೆ ಮೂರು ಯೂರೊ ಮೇಲೆ, ಸೂಪರ್‌ಮಾರ್ಕೆಟ್ಟಿನ ಕೆಂಪು ಮಸೂರ ಅದಕ್ಕಿಂತ ಸ್ವಲ್ಪ ಅಗ್ಗ. ಎರಡನ್ನೂ ಬೆರೆಸಿದರೆ ಸಾರು ಹದವಾಗಿ ಬರುತ್ತದೆ, ಮಸೂರ ಒಂದನ್ನೇ ಹಾಕಿದರೆ ಗಂಜಿ ಆಗುತ್ತದೆ. ತರಕಾರಿಗೆ ಊರ ನಡುವಿನ ಚೌಕದ ಸಂತೆ. ಸೋಮವಾರ, ಬುಧವಾರ, ಶುಕ್ರವಾರ ಇರುತ್ತದೆ. ನಾನು ಸೋಮವಾರ ಆರಿಸಿಕೊಂಡದ್ದು ಶಿವನ ವಾರ ಅಂತ, ಸಂತೆಯೂ ಅವತ್ತೇ ಬಿದ್ದದ್ದು ನನ್ನ ಭಾಗ್ಯ. ಮುಚ್ಚುವ ಹೊತ್ತಿಗೆ ಹೋದರೆ ಕ್ಯಾರೆಟ್ ಮಾರುವ ಅಜ್ಜಿ ಒಂದು ಹಿಡಿ ಜಾಸ್ತಿಯೇ ಹಾಕುತ್ತಿದ್ದರು. ಅವರಲ್ಲಿ ಏನು ಮಾತಾಡಿದರೆ ಜಾಸ್ತಿ ಹಾಕುತ್ತಾರೆ ಅನ್ನುವುದನ್ನು ನಾನು ಬರೆಯುವುದಿಲ್ಲ, ಜರ್ಮನ್ ಕಲಿತು ನೀವೇ ಕಂಡುಕೊಳ್ಳಿ. ಒಂದು ಸೋಮವಾರಕ್ಕೆ ಹನ್ನೆರಡು ಜನಕ್ಕೆ ಸುಮಾರು ಹತ್ತು ಯೂರೊ ಬೀಳುತ್ತಿತ್ತು.

ನವೆಂಬರ್ ಮಧ್ಯದ ಹೊತ್ತಿಗೆ ಲೆಕ್ಕ ತಿರುಗಿತು. ಟರ್ಕಿಯ ಹುಡುಗ ಬುಧವಾರ ನಾನು ಮಾಡುತ್ತೇನೆ ಅಂದ. ಕೊರಿಯಾದವಳು ಶುಕ್ರವಾರ ಹಿಡಿದಳು, ನನಗಾಗಿ ಮೀನಿನ ಸಾಸ್ ಇಲ್ಲದೆ ಬೇರೆ ಪಾತ್ರೆ. ಬ್ರೆಜಿಲ್‌ನ ಇಬ್ಬರು ಭಾನುವಾರ ಕಪ್ಪು ಹುರುಳಿಕಾಯಿ ಬೀಜದ ಅಡುಗೆ. ಭಾನುವಾರ ಅಲ್ಲಿ ಅಂಗಡಿಗಳೇ ತೆರೆಯುವುದಿಲ್ಲ, ಹಾಗಾಗಿ ಅದು ದೊಡ್ಡ ಉಪಕಾರ. ನಾನು ಕೇಳಿದ್ದಲ್ಲ, ಹೇಳಿದ್ದಲ್ಲ. ಅಕ್ಟೋಬರ್‌ನಲ್ಲಿ 200 ದಾಟಿದ್ದ ಊಟದ ಖರ್ಚು ಡಿಸೆಂಬರ್‌ಗೆ 110 ಆಸುಪಾಸಿಗೆ ಬಂತು. ಬಾಡಿಗೆ 310, ಇನ್ಶೂರೆನ್ಸ್ 130ರ ಹತ್ತಿರ, ಫೋನು, ಸಣ್ಣಪುಟ್ಟ ಎಲ್ಲ ಸೇರಿ ತಿಂಗಳಿಗೆ 650 ಒಳಗೆ. ಹೊರಗೆ ಕಾಫಿ ಕುಡಿಯಬೇಕಾದರೂ ನನ್ನ ಲೋಟ ನನ್ನ ಹತ್ತಿರ. ಟ್ಯೂಬಿಂಗನ್‌ನಲ್ಲಿ 2022ರಿಂದ ಬಿಸಾಡುವ ಕಪ್ಪಿಗೆ 50 ಸೆಂಟ್ ತೆರಿಗೆ ಇದೆ. ಸ್ಟೀಲ್ ಡಬ್ಬಿ, ಸ್ಟೀಲ್ ಲೋಟ ಬ್ಯಾಗಿನಲ್ಲಿದ್ದರೆ ಆ ಖರ್ಚೇ ಇಲ್ಲ.

ಬೆಳಗಿನ ಇಷ್ಟಲಿಂಗ ಪೂಜೆ ಒಂದು ದಿನವೂ ತಪ್ಪಿಸಲಿಲ್ಲ. ಡಿಸೆಂಬರ್‌ನಲ್ಲಿ ಸೂರ್ಯ ಹುಟ್ಟುವ ಹೊತ್ತಿಗೆ ಎಂಟು ಗಂಟೆ ಆಗಿರುತ್ತದೆ, ಆರಕ್ಕೆ ಏಳುವುದು ಹಿಂಸೆ. ಬಿಲ್ವಪತ್ರೆ ಸಿಗುವುದಿಲ್ಲ, ಹೂವು ದುಬಾರಿ, ಊದುಬತ್ತಿ ಹಚ್ಚುವಂತಿಲ್ಲ. ಪ್ರತಿ ರೂಮಿನ ಸೂರಿನಲ್ಲೂ ಹೊಗೆ ಅಲಾರಂ ಇದೆ. ವಿಭೂತಿ ಗಟ್ಟಿ, ನೀರು, ಅಷ್ಟೇ. ಅಷ್ಟರಲ್ಲೇ ಪೂಜೆ ಮೊದಲಿಗಿಂತ ಚೆನ್ನಾಗಿ ಆಗುತ್ತಿತ್ತು ಅಂತ ನನಗೆ ಅನಿಸುತ್ತದೆ. ರಾತ್ರಿ ಮಲಗುವ ಮೊದಲು ನೋಟ್‌ಬುಕ್ಕಿನ ಎಡಪುಟದಲ್ಲಿ ಖರ್ಚು, ಬಲಪುಟದಲ್ಲಿ ಅವತ್ತು ಯಾರಿಗೆ ಋಣಿ ಅಂತ ಒಂದು ಸಾಲು. ಸೈಕಲ್ ಪಂಕ್ಚರ್ ಹಾಕಿಕೊಟ್ಟವನು, ಕಾಗದದ ಕೆಲಸಕ್ಕೆ ಜೊತೆಗೆ ಬಂದು ಜರ್ಮನ್‌ನಲ್ಲಿ ಮಾತಾಡಿದವಳು, ಸಂತೆಯ ಅಜ್ಜಿ. ಎಡಪುಟ ನೋಡಿ ಎದೆ ಒಡೆದ ದಿನಗಳಲ್ಲಿ ಬಲಪುಟ ಕೈ ಹಿಡಿದಿದೆ.

ಮಧ್ಯೆ ದೋಸೆ ಹಿಟ್ಟಿನ ಪ್ರಯೋಗಕ್ಕೆ ಹತ್ತಿರ ಹತ್ತಿರ ಒಂದು ತಿಂಗಳು ಹೋಯಿತು. ಹೀಟರ್ ಮೇಲೆ ಇಟ್ಟೆ, ಹುದುಗಲಿಲ್ಲ. ರಾತ್ರಿ ಹೀಟರ್ ತಾನಾಗೇ ತಣ್ಣಗಾಗುವಂತೆ ಇಟ್ಟಿರುತ್ತಾರೆ. ಕಂಬಳಿ ಸುತ್ತಿ ಇಟ್ಟೆ, ಆಗಲಿಲ್ಲ. ಕೊನೆಗೆ ಓವನ್‌ನ ದೀಪ ಮಾತ್ರ ಉರಿಸಿ, ಬಾಗಿಲು ಮುಚ್ಚಿ ಇಟ್ಟೆ. ನಮ್ಮ ವಿದ್ಯೆ ಬಿಡುವುದಿಲ್ಲ ನೋಡಿ, ಹುಳಿ ಹೆಚ್ಚಿದಷ್ಟೂ ಕಡಿಮೆ ಅಂಕಿ ತೋರಿಸುವ ಪಿಎಚ್ ಪಟ್ಟಿ ಅದ್ದಿ ಅದ್ದಿ ಬರೆದಿಟ್ಟೆ. ಆರರ ಮೇಲಿದ್ದದ್ದು ಹದಿನೈದು ಹದಿನಾರು ಗಂಟೆಯಲ್ಲಿ ನಾಲ್ಕೂವರೆಗೆ ಇಳಿದಾಗ ಹಿಟ್ಟು ಪಾತ್ರೆಯ ಅಂಚಿಗೆ ಉಬ್ಬಿ ಬಂದಿತ್ತು, ಮೇಲೆ ಸಣ್ಣ ಸಣ್ಣ ಗುಳ್ಳೆ, ನಮ್ಮ ಮನೆಯದೇ ಹುಳಿ ವಾಸನೆ. ಮೆಂತ್ಯ ಎಲ್ಲರೂ ಹಾಕುತ್ತಾರೆ, ಅದರ ಜೊತೆಗೆ ನಾನು ಇನ್ನೊಂದು ಹಾಕಿದೆ. ಅದೇನು ಅಂತ ಸದ್ಯಕ್ಕೆ ನನ್ನಲ್ಲೇ ಇರಲಿ. ಅಲ್ಲಿನ ಹೋಹೆನ್‌ಟ್ಯೂಬಿಂಗನ್ ಕೋಟೆಯ ಹಳೇ ಅಡುಗೆಮನೆಯಲ್ಲೇ ಫ್ರೀಡ್ರಿಷ್ ಮೀಶರ್ 1869ರಲ್ಲಿ ಬ್ಯಾಂಡೇಜಿನ ಕೀವಿನಿಂದ ನ್ಯೂಕ್ಲಿಯಿನ್ ಬೇರ್ಪಡಿಸಿದ್ದು, ನಾವು ಈಗ ಡಿಎನ್‌ಎ ಅನ್ನುವುದರ ಮೊದಲ ಸುಳಿವು ಅದು. ಆ ಕೋಣೆ ಈಗ ಮ್ಯೂಸಿಯಂ. ಅಡುಗೆಮನೆಯನ್ನು ಲ್ಯಾಬ್ ಮಾಡಿದವರ ಊರಲ್ಲಿ ಲ್ಯಾಬಿನ ಪಟ್ಟಿಯನ್ನು ಅಡುಗೆಮನೆಗೆ ತಂದದ್ದು ನನಗೆ ಬಹಳ ಖುಷಿ ಕೊಟ್ಟಿತು.

ಅದೇ ಊರಲ್ಲಿ ಕಿಟೆಲ್ ಕೊನೆಯ ವರ್ಷಗಳನ್ನು ಕಳೆದು 1903ರಲ್ಲಿ ತೀರಿಕೊಂಡರು. ಕನ್ನಡ ನಿಘಂಟಿಗಾಗಿ ಟ್ಯೂಬಿಂಗನ್ ವಿಶ್ವವಿದ್ಯಾಲಯ 1896ರಲ್ಲಿ ಅವರಿಗೆ ಡಾಕ್ಟರೇಟ್ ಕೊಟ್ಟಿತ್ತು. ಅದೇ ವಿಶ್ವವಿದ್ಯಾಲಯದ ಐಡಿ ಕಾರ್ಡು ನನ್ನ ಜೇಬಲ್ಲಿದೆ ಅನ್ನುವುದೇ ಅಲ್ಲಿದ್ದಷ್ಟು ದಿನ ನನಗೆ ಒಂದು ಧೈರ್ಯ. ಅವರಿಗೂ ಬಲಪುಟದಲ್ಲಿ ಒಂದು ಸಾಲು ಬರೆದೆ.

ಜನವರಿಯದು ದೊಡ್ಡದು. ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದದ್ದು 2019ರ ಜನವರಿ 21. ನಮ್ಮಲ್ಲಿ ಆ ದಿನವನ್ನು ದಾಸೋಹ ದಿನ ಅಂತ ಆಚರಿಸುತ್ತೇವೆ. 2025ರಲ್ಲಿ ಅದು ಮಂಗಳವಾರ ಬಿತ್ತು, ಹಾಗಾಗಿ ಆ ವಾರ ಸೋಮವಾರ ಬಿಟ್ಟು ಮಂಗಳವಾರ ಮಾಡಿದೆ. ಮೂರು ಮಹಡಿಗೂ ಹೇಳಿದೆ. ದೊಡ್ಡ ಪಾತ್ರೆ ಎಲ್ಲಿ? ಅಲ್ಲಿನ ಚರ್ಚಿನ ವಿದ್ಯಾರ್ಥಿ ಬಳಗದವರು ಎರಡು ಪಾತ್ರೆ, ಒಂದು ಉದ್ದ ಸೌಟು ಕೊಟ್ಟರು. ಬಾಡಿಗೆ ಕೇಳಲಿಲ್ಲ. ಸುಮಾರು ನಲವತ್ತೈದು ಜನ ಉಂಡರು. ಚಿತ್ರಾನ್ನ, ಹುಳಿ, ಕೋಸಂಬರಿ, ತೆಂಗಿನಹಾಲಿನ ಶಾವಿಗೆ ಪಾಯಸ. ಮುದ್ದೆಯನ್ನೂ ಮಾಡಿದೆ, ಒಯ್ದಿದ್ದ ರಾಗಿಹಿಟ್ಟು ಪೂರ್ತಿ ಖಾಲಿ. ಮರದ ಚಮಚದಲ್ಲಿ ಮುದ್ದೆ ತೊಳಸುವುದು ಆಗದು, ಎರಡು ಚಮಚ ಮುರಿದವು. ಹೊಸ ಪೊರಕೆಯ ಮರದ ಹಿಡಿ ತೊಳೆದು, ಬಿಸಿನೀರಿಗೆ ಹಾಕಿ, ಅದರಲ್ಲಿ ತೊಳಸಿದೆ. ಖರ್ಚು 55 ಯೂರೊ ಇರಬೇಕು. ಊಟಕ್ಕೆ ಮೊದಲು ಮಠದ ಸಾಮೂಹಿಕ ಪ್ರಾರ್ಥನೆಯಿಂದ ನಾಲ್ಕು ಸಾಲು ಹೇಳಿದೆ. ಯಾರಿಗೂ ಕನ್ನಡ ಬರದು, ಆದರೂ ಎಲ್ಲರೂ ಎದ್ದು ನಿಂತರು. ನನ್ನ ಬದುಕಿನಲ್ಲಿ ನಾನು ಮಾಡಿದ ಒಳ್ಳೇ ಕೆಲಸ ಯಾವುದು ಅಂದರೆ ಇದನ್ನೇ ಹೇಳುತ್ತೇನೆ.

ಪಾತ್ರೆ ವಾಪಸ್ ಕೊಡಲು ಹೋದಾಗ ವೆಸ್ಪರ್‌ಕಿರ್ಖೆ ಬಗ್ಗೆ ಗೊತ್ತಾಯಿತು. ಚಳಿಗಾಲದಲ್ಲಿ ಕೆಲವು ವಾರ ಚರ್ಚನ್ನೇ ಊಟದ ಮನೆ ಮಾಡಿ, ಬಂದವರಿಗೆಲ್ಲ ಬಿಸಿಊಟ ಹಾಕುತ್ತಾರೆ. 1995ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಶುರುವಾದದ್ದು, ಟ್ಯೂಬಿಂಗನ್‌ನಲ್ಲೂ ಇದೆ. ಪಾತ್ರೆಯ ಋಣಕ್ಕೆ ಅಂತ ನಾನೂ ಹೋಗಿ ಆಲೂಗಡ್ಡೆ ಸಿಪ್ಪೆ ತೆಗೆದೆ, ಬಡಿಸಿದೆ. ಮನೆಯಿಲ್ಲದವರು, ಪ್ರೊಫೆಸರುಗಳು ಒಂದೇ ಬೆಂಚಿನಲ್ಲಿ. ಅಲ್ಲಿ ನನಗೆ ಹೊರಗಿನವನು ಅಂತ ಒಂದು ಕ್ಷಣವೂ ಅನಿಸಲಿಲ್ಲ. ದೇವರು ಯಾವ ಊರಲ್ಲಿ ಬೇಕಾದರೂ ಪಂಕ್ತಿ ಹಾಕುತ್ತಾನೆ ಅಂತ ನಂಬಿದ್ದೆ, ಕಣ್ಣಾರೆ ಕಂಡೆ.

ವಾಪಸ್ ಬಂದಾಗ ಬ್ಲಾಕ್ಡ್ ಅಕೌಂಟ್ ದುಡ್ಡಲ್ಲಿ 1300 ಯೂರೊ ಹತ್ತಿರ ಉಳಿದಿತ್ತು, ರೂಮಿನ ಅಡ್ವಾನ್ಸೂ ವಾಪಸ್ ಬಂತು. ಅಮ್ಮನ ಬಳೆ ಬಿಡಿಸಿದೆ, ಸರ ಇನ್ನೂ ಅಡವಿನಲ್ಲೇ ಇದೆ. ಚಿಕ್ಕಪ್ಪನಿಗೆ ಅರ್ಧ ಕೊಟ್ಟೆ. ಒಂದು ಚೀಲ ಅಕ್ಕಿ ಮಠಕ್ಕೆ ಹಾಕಿದೆ. ಸೀನಿಯರ್‌ಗೆ ನೋಟ್‌ಬುಕ್ಕಿನ ಎಡಪುಟಗಳ ಫೋಟೊ ಕಳಿಸಿದೆ, "ಸರಿ ಕಣೋ, ಒಪ್ಪಿದೆ" ಅಂತ ಬರೆದರು.

ಈ ಸಲ ಹೋಗುವವರಿಗೆ ಬ್ಯಾಗಿನ ವಿಷಯ. ತುಪ್ಪ, ಪೇಡ, ಹಾಲಿನ ಯಾವ ಪದಾರ್ಥವನ್ನೂ ಯುರೋಪಿಯನ್ ಯೂನಿಯನ್ ಒಳಗೆ ಒಯ್ಯುವಂತಿಲ್ಲ, ಹಸಿ ಕರಿಬೇವೂ ಸರ್ಟಿಫಿಕೇಟ್ ಇಲ್ಲದೆ ಬಿಡುವುದಿಲ್ಲ. ತೆಂಗಿನಕಾಯಿಗೆ ಆ ಕಾಟ ಇಲ್ಲ. ಒಣಕೊಬ್ಬರಿಗೆ ಮಾತ್ರ ಬೇಗ ಬೆಂಕಿ ಹತ್ತುತ್ತದೆ ಅಂತ ವಿಮಾನದಲ್ಲೇ ನಿರ್ಬಂಧ, ತಿಪಟೂರಿನವರು ನೆನಪಿಡಿ. ಸಾರಿನ ಪುಡಿ, ಹುಣಸೆಹಣ್ಣು, ರಾಗಿಹಿಟ್ಟು ಚೆಕ್-ಇನ್ ಬ್ಯಾಗಿಗೆ. ಮುದ್ದೆ ಕೋಲನ್ನು ಒಂದಲ್ಲ, ಎರಡು ಒಯ್ಯಿರಿ. ಬರುವಾಗ ಒಂದನ್ನು ಅಲ್ಲೇ ಬಿಟ್ಟು ಬರಬೇಕಾಗುತ್ತದೆ, ನಮ್ಮ ಮಹಡಿಯವರು ಈಗಲೂ ಕೇಳುತ್ತಿದ್ದಾರೆ.